ವ್ಯಂಕಟೇಶ ಸರ್ ಅವರ ಜೋಳದ ಡಬ್ಬಿ

"ಮೊದಲು ಗಿರಣಿ, ಆಮ್ಯಾಲೆ ನಿಮ್ಮ ಕಾಲೇಜು," ಎನ್ನುತ್ತ ನರ್ಮದಾ ಜೋಳ ತುಂಬಿದ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟಳು. "ಸಂಜಿಗೆ ಗುಲಬರ್ಗಾದ ಸಾಹೇಬರನ್ನ ಊಟಕ್ಕ ಕರದೀರಿ. ಮನ್ಯಾಗ ಒಂದು ಮುಟಗಿ ಹಿಟ್ಟಿಲ್ಲ. ನೆನಪಿರಲಿ."

"ಹೂಂ. ಪೂರ್ಣವಿರಾಮ," ಎಂದರು ವ್ಯಂಕಟೇಶ ಸರ್.

ಅದು ಅವರ ಚಾಳಿ. ಆಳಂದದಲ್ಲಿ ಕಾಲೇಜು ಹುಡುಗರಿಗೆ ಇತಿಹಾಸ ಕಲಿಸಲು ಹಿಡಿದಂದಿನಿಂದ ನೋಟ್ಸ್ ಬರೆಸಿ ಬರೆಸಿ ವಿರಾಮಚಿಹ್ನೆಗಳು ನಾಲಿಗೆಗೆ ಅಂಟಿಬಿಟ್ಟಿದ್ದವು. ಆ ನೋಟ್ಸ್ ಏನು ಸಾಮಾನ್ಯದ್ದೇ? ಅಕ್ಕನಿಂದ ತಂಗಿಗೆ, ತಂಗಿಯಿಂದ ಅಫಜಲಪುರದ ಸೋದರತ್ತೆಯ ಮಗನಿಗೆ, ಅಲ್ಲಿಂದ ಜೇವರ್ಗಿಯ ಅವನ ಗೆಳೆಯನಿಗೆ ಹೋಗಿ, ಹಾಳೆ ಹಪ್ಪಳದಂತಾದರೂ ಮಂದಿಯನ್ನು ಪಾಸು ಮಾಡಿಸುತ್ತಲೇ ಇರುತ್ತಿತ್ತು. ಬರೆಸುವಾಗ ಅವರ ದನಿ ನಲ್ಲಿಯ ನೀರಿನಂತೆ ಒಂದೇ ಧಾರೆ. ಊರಿನ ನಲ್ಲಿ ನಡುವೆ ನಿಲ್ಲುತ್ತಿತ್ತು, ಸರ್ ನಿಲ್ಲುತ್ತಿರಲಿಲ್ಲ.

ಇಂಥವರನ್ನು ಹೋದ ತಿಂಗಳು ಗುಲಬರ್ಗಾಕ್ಕೆ, ಅಧ್ಯಾಪಕರ ರಿಫ್ರೆಶರ್ ಕೋರ್ಸಿಗೆ ಕಳಿಸಿದ್ದರು. ಅಲ್ಲಿ ಗುರುರಾಜರೆಂಬ ಪ್ರಾಧ್ಯಾಪಕರು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, "ನಿಮ್ಮ ತರಗತಿಯ ಬಗ್ಗೆ ನಿಮ್ಮದೇ ಮಾತಿನಲ್ಲಿ ಬರೀರಿ" ಎಂದರು. ರಾಶಿ ರಾಶಿ ಬರೆಸಿದ್ದ ಮನುಷ್ಯನಿಗೆ ಸ್ವಂತದ್ದೊಂದು ಪುಟ ಬರೆಯಲು ಬರಲೊಲ್ಲದು. ಪೆನ್ನಿನ ಟೊಪ್ಪಿಗೆ ಕಚ್ಚುತ್ತ ಕೂತು, ಕೊನೆಗೆ ಒಂದೇ ಸಾಲು ಬರೆದರು: 'ನನ್ನ ತರಗತಿಯಲ್ಲಿ ಇಲ್ಲಿಯವರೆಗೆ ಯಾರೂ ಒಂದು ಪ್ರಶ್ನೆ ಕೇಳಿಲ್ಲ.' ಬರೆದದ್ದನ್ನು ಓದಿಕೊಂಡು ತಾವೇ ಗಾಬರಿಯಾದರು. 'ಇನ್ನೊಮ್ಮಿ ಹೇಳ್ರಿ ಸರ್' ಎನ್ನುವುದು ಪ್ರಶ್ನೆಯಲ್ಲ ಎಂದು ಅವರಿಗೆ ಹೊಳೆದದ್ದೇ ಅಂದು.

ಗುರುರಾಜರು ಆ ಸಾಲನ್ನು ಎರಡು ಸಲ ಓದಿದರು. "ಇಷ್ಟು ಖರೇ ಯಾರೂ ಬರದಿಲ್ಲ. ನಾನೇ ನಿಮ್ಮೂರಿಗೆ ಬರ್ತೀನಿ. ನೋಟ್ಸ್ ಇಲ್ಲದ ಒಂದು ಪಾಠ ಮಾಡಿ ತೋರಿಸ್ರಿ," ಎಂದರು. ಆ ದಿನ ಇವತ್ತು. ನೋಡಲು ಅಫಜಲಪುರ, ಜೇವರ್ಗಿಯ ಅಧ್ಯಾಪಕರೂ ಬರುವವರಿದ್ದರು. ವ್ಯಂಕಟೇಶ ಸರ್‌ಗೆ ಬೇಕಿದ್ದದ್ದು ಶಾಲೂ ಅಲ್ಲ, ಹಾರವೂ ಅಲ್ಲ. ಒಂದು ಪ್ರಶ್ನೆ. ಯಾರಾದರೂ ಒಬ್ಬರು, ತಮ್ಮ ತಲೆಯಿಂದ ತೆಗೆದ ಒಂದು ಪ್ರಶ್ನೆ.

ಡಬ್ಬಿ ಹಿಡಿದು ಓಣಿಗೆ ಇಳಿಯುತ್ತಲೇ ಪಕ್ಕದ ಮನೆಯ ಭಾಗೀರಥಿಬಾಯಿ ತಡೆದರು.

"ವ್ಯಂಕಟೇಶ, ನೋಟ್ಸ್ ಬಂದ್ ಮಾಡ್ತೀಯಂತಲ್ಲೊ? ಗಂಟಲಾ ಕೆಟ್ಟದಂತ ಬಾಯಿಬಿಟ್ಟು ಹೇಳಬಾರದೇನು?"

"ಗಂಟಲಾ ಛಲೋ ಅದ ಮೌಶಿ. ಹುಡುಗರು ಮಾತಾಡ್ಲಿ ಅಂತ ನಾನು ಸುಮ್ಮ ಆಗಾಕತ್ತೀನಿ."

"ಹುಡುಗರು ಮಾತಾಡೂದು, ಮಾಸ್ತರ ಸುಮ್ಮ ಕೂಡೂದು. ಇದಕ್ಕ ಸರ್ಕಾರ ಪಗಾರ ಕೊಡ್ತದ?" ಎಂದು ಮುದುಕಿ ಒಳಗೆ ಹೋಗಿ ಜ್ಯೇಷ್ಠಮಧುವಿನ ತುಂಡು ತಂದು ಅವರ ಜೇಬಿಗೆ ತುರುಕಿದರು. "ದವಡ್ಯಾಗ ಇಟಗೊ. ಸಂಜಿಯೊಳಗ ದನಿ ಬರ್ತದ."

ಗಿರಣಿಯಲ್ಲಿ ಕರೀಮಸಾಬ ಮುಖಕ್ಕೆಲ್ಲ ಹಿಟ್ಟು ಬಳಿದುಕೊಂಡು ನಿಂತಿದ್ದ. ರೆಪ್ಪೆಯೂ ಬೆಳ್ಳಗಾಗಿ, ಹುಬ್ಬೇರಿಸಿದರೆ ಹಿಟ್ಟು ಉದುರುತ್ತಿತ್ತು.

"ಡಬ್ಬಿ ಇಟ್ಟು ಹೋಗ್ರಿ ಸರ್, ಜಲ್ದಿ ಬೀಸಿ ಕೊಡ್ತೀನಿ. ಮಧ್ಯಾಹ್ನದಿಂದ ಕರೆಂಟ್ ಇರಂಗಿಲ್ಲಂತ ಲೈನ್‌ಮನ್ ಹೇಳ್ಯಾನ. ಒಂದು ಮಾತು, ನಮ್ಮ ಶಮಶಾದ ನಿಮ್ಮ ನೋಟ್ಸ್ ಮ್ಯಾಲೇ ನಿಂತಾಳ. ನೀವು ನೋಟ್ಸ್ ನಿಲ್ಲಿಸಿದ್ರ ಆಕಿ ಎಲ್ಲಿ ನಿಲ್ಲಬೇಕ್ರಿ?"

"ತನ್ನ ಕಾಲಮ್ಯಾಲೆ ಕರೀಮಸಾಬ," ಎಂದು ಸರ್ ಡಬ್ಬಿ ಇಡಲು ಬಗ್ಗಿದರು. ಅಷ್ಟರಲ್ಲಿ ಹಿಂದೆ ಲೂನಾ ಗೊರಗುಟ್ಟುತ್ತ ಬಂದು ನಿಂತಿತು. ರಾಜ್ಯಶಾಸ್ತ್ರದ ಶಿವರಾಯ ಸರ್.

"ಇಲ್ಲೇ ಅದೀರೇನ್ರಿ? ಸಾಹೇಬರು ಮುಂಜಾನೆ ಬಸ್ಸಿಗೇ ಬಂದಾರ. ಪ್ರಿನ್ಸಿಪಾಲರು ನಿಮ್ಮ ಸಲುವಾಗಿ ಗೇಟಿನ ಮುಂದ ಗಡಿಯಾರದ ಮುಳ್ಳಿನಂಗ ತಿರಗಾಕತ್ತಾರ. ಹತ್ರಿ, ಹತ್ರಿ."

ಹತ್ತಿದ್ದೂ ಆಯಿತು, ಲೂನಾ ಹೊರಟಿದ್ದೂ ಆಯಿತು. ಡಬ್ಬಿ ಕೈಯಲ್ಲೇ ಉಳಿದಿದೆ ಎಂದು ಗೊತ್ತಾದದ್ದು ಬಸ್ ಸ್ಟ್ಯಾಂಡ್ ದಾಟಿದ ಮೇಲೆ.

"ಹೊಳ್ಳಸ್ರಿ, ನನ್ನ ಜ್ವಾಳಾ..."

"ಜ್ವಾಳಾ ಎಲ್ಲಿ ಓಡಿಹೋಗ್ತದ್ರಿ? ನೀವು ಪಾಠದ ವಿಚಾರ ಮಾಡ್ರಿ. ಪ್ರಶ್ನಿ ಬಗ್ಗೆ ಚಿಂತಿನೇ ಬ್ಯಾಡ. ಬಂದೇ ಬರ್ತಾವ," ಎಂದು ಶಿವರಾಯ ಸರ್ ಒಗಟಿನಂಥ ನಗೆ ನಕ್ಕರು. ಅವರಿಗೆ ವ್ಯಂಕಟೇಶ ಸರ್ ಎಂದರೆ ಜೀವ. ಆ ಜೀವವೇ ಮುಂದೆ ತೊಂದರೆಗೆ ಬಂತು.

ಪ್ರಿನ್ಸಿಪಾಲ ನಾಗಣ್ಣನವರು ಕೈಹಿಡಿದು ನೇರ ತರಗತಿಗೇ ಎಳೆದೊಯ್ದರು. ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಸರ್ ಮೇಜಿನ ಮೇಲೆ ಇಟ್ಟರು. ಹಿಂದಿನ ಬೆಂಚುಗಳಲ್ಲಿ ಮೂರೂ ಊರಿನ ಅಧ್ಯಾಪಕರು, ನಡುವೆ ಗುರುರಾಜರು. ಮುಂದೆ ವಿದ್ಯಾರ್ಥಿಗಳು, ಪೆನ್ನಿನ ಮುಚ್ಚಳ ತೆಗೆದುಕೊಂಡು.

"ಇವತ್ತ ನಾನು ಏನೂ ಬರಸಂಗಿಲ್ಲ," ಎಂದರು ಸರ್.

ಅಷ್ಟೂ ತಲೆಗಳು ಕೆಳಗೆ ಬಾಗಿದವು. 'ಇಂದು ನಾನು ಏನನ್ನೂ ಬರೆಸುವುದಿಲ್ಲ' ಎಂದು ಬರೆದುಕೊಂಡವು.

"ಬರೀಬ್ಯಾಡ್ರಿ ಅಂದೆ."

ಅದನ್ನೂ ಬರೆದರು. ದಾರಿಯಲ್ಲಿ ದವಡೆಗಿಟ್ಟುಕೊಂಡಿದ್ದ ಜ್ಯೇಷ್ಠಮಧು ಜಾರಿ ಸರ್ ಕೆಮ್ಮಿದರೆ, ಮುಂದಿನ ಬೆಂಚಿನ ಹುಡುಗನೊಬ್ಬ ಒಂದು ಕ್ಷಣ ಯೋಚಿಸಿ ಅದಕ್ಕೂ ಒಂದು ಸಾಲು ಬಿಟ್ಟ.

ಸರ್ ಕಿಟಕಿಯ ಹತ್ತಿರ ಹೋಗಿ ನಿಂತು ಹೊರಗೆ ಕೈ ತೋರಿಸಿದರು. "ಆ ರಸ್ತಾ ನೋಡ್ರಿ. ಬಹಮನಿ ಸುಲ್ತಾನರ ದಂಡು ಗುಲಬರ್ಗಾ ಬಿಟ್ಟು ಈ ಸೀಮಿ ಹಾಯ್ದು ಹೊಂಟದ ಅಂತ ತಿಳೀರಿ. ಆನಿ ಅದಾವ, ಕುದುರಿ ಅದಾವ, ಧೂಳು ಎದ್ದು ಸೂರ್ಯಾ ಕಾಣವಲ್ಲ..." ಎಂದು ಶುರುಮಾಡಿದರು. ಎದುರಿಗೆ ಹಾಳೆ ಇರಲಿಲ್ಲ, ಅಲ್ಪವಿರಾಮ ಇರಲಿಲ್ಲ. ಇಷ್ಟು ವರ್ಷ ಧಾರೆಯಾಗಿ ಬೀಳುತ್ತಿದ್ದ ಅದೇ ದನಿ ಈಗ ಏರಿತು, ಇಳಿಯಿತು, ಒಂದು ಕಡೆ ಪಿಸುಮಾತಾಯಿತು. ಪೆನ್ನುಗಳು ಒಂದೊಂದಾಗಿ ನಿಂತವು. ಮಕ್ಕಳು ಮೊದಲ ಬಾರಿಗೆ ತಮ್ಮ ಸರ್ ಅವರ ಮುಖವನ್ನು ಪೂರ್ತಿ ನೋಡಿದರು. ಅವರಿಗೆ ಕನ್ನಡಕ ಇದೆ ಎನ್ನುವುದೇ ಕೆಲವರಿಗೆ ಅಂದು ತಿಳಿಯಿತು.

"ಈಗ ಕೇಳ್ರಿ. ಏನರ ಕೇಳ್ರಿ."

ಒಮ್ಮೆಲೇ ಎಲ್ಲ ಕೈಗಳೂ ಮೇಲೆದ್ದವು. ಸರ್ ಅವರ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಮೊದಲ ಹುಡುಗನಿಗೆ ಸನ್ನೆ ಮಾಡಿದರು.

"ಬಹಮನಿ ಆಡಳಿತದ ಪ್ರಮುಖ ಲಕ್ಷಣಗಳು ಯಾವುವು ಪ್ರಶ್ನಾರ್ಥಕ ಚಿಹ್ನೆ," ಎಂದು ಅವನು ಒಂದೇ ಉಸಿರಿಗೆ ಒಪ್ಪಿಸಿದ.

"ನೀ ಹೇಳವಾ."

"ಬಹಮನಿ ಆಡಳಿತದ ಪ್ರಮುಖ ಲಕ್ಷಣಗಳು ಯಾವುವು ಪ್ರಶ್ನಾರ್ಥಕ ಚಿಹ್ನೆ."

ಮೂರನೆಯವನೂ ಅದನ್ನೇ ಕೇಳಿದ. ಹಿಂದೆ ಶಿವರಾಯ ಸರ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ನಿನ್ನೆ ಸಂಜೆ ಮಕ್ಕಳನ್ನು ಕೂಡಿಸಿ ಪ್ರಶ್ನೆ ಬರೆಸಿದ್ದವರು ಅವರೇ. ಬೇರೆ ಬೇರೆ ಪ್ರಶ್ನೆ ಬರೆಸಲು ಹೊತ್ತು ಸಾಲದೆ ಒಂದರಲ್ಲೇ ಮುಗಿಸಿದ್ದರು. ವ್ಯಂಕಟೇಶ ಸರ್ ಅವರ ಎದೆ ಇಳಿದು ಗುಂಡಿ ಸಡಿಲಾಯಿತು. ಗುರುರಾಜರು ನೆಲ ನೋಡುತ್ತಿದ್ದರು.

ಕೈಗಳೆಲ್ಲ ಇಳಿದರೂ ಕಿಟಕಿಯ ಪಕ್ಕದ ಒಂದು ಕೈ ಅರ್ಧಕ್ಕೆ ನಿಂತಿತ್ತು. ಕರೀಮಸಾಬನ ಮಗಳು ಶಮಶಾದ. ನಿನ್ನೆ ಸಂಜೆ ಗಿರಣಿಯಲ್ಲಿ ಅಪ್ಪನ ಬದಲು ಕೂತಿದ್ದರಿಂದ ಅವಳಿಗೆ ಬರೆಸಿದ ಪ್ರಶ್ನೆ ಸಿಕ್ಕಿರಲಿಲ್ಲ. ಅವಳು ಸರ್ ಅವರನ್ನು ನೋಡುತ್ತಿರಲಿಲ್ಲ, ಮೇಜಿನ ಮೇಲಿನ ಡಬ್ಬಿಯನ್ನು ನೋಡುತ್ತಿದ್ದಳು.

"ತಪ್ಪ ತಿಳೀಬ್ಯಾಡ್ರಿ ಸರ್. ಅಷ್ಟು ಮಂದಿ ದಂಡಿಗೆ ರೊಟ್ಟಿ ಎಲ್ಲಿಂದ ಬಂದ್ವು? ಆಗ ಗಿರಣಿ ಇರಲಿಲ್ಲ. ಇಂಥಾದೊಂದು ಡಬ್ಬಿ ಕೈಲೆ ಬೀಸಬೇಕಂದ್ರ ನಮ್ಮ ದಾದಿಮಾ ಕೈಯಾಗ ಬೊಬ್ಬಿ ಏಳ್ತಿದ್ವಂತ. ಬೀಸಿದವರು ಯಾರ್ರಿ? ಬಡದವರು ಯಾರು? ಅವರು ನೋಟ್ಸಿನ್ಯಾಗ ಯಾಕ ಬರಂಗಿಲ್ಲ?"

ವ್ಯಂಕಟೇಶ ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ನನಗ ಗೊತ್ತಿಲ್ಲವಾ," ಎಂದರು. ಪೂರ್ಣವಿರಾಮ ಹೇಳಲಿಲ್ಲ.

ಕಟ್ಟೆ ಒಡೆದಂತಾಯಿತು. ನರೋಣಾದ ಹುಡುಗ ಎದ್ದು, ಬೀಸುವಾಗ ತನ್ನ ಆಯಿ ದಂಡಿನ ಮೇಲಿನ ಹಾಡು ಹೇಳುತ್ತಾಳೆಂದ. "ದಂಡು ಬಂತಂದ್ರ ಮಂದಿ ಊರೇ ಬಿಟ್ಟು ಓಡ್ತಿದ್ರಲೇ, ರೊಟ್ಟಿ ಬಡಕೋತ ಕುಂದರ್ತಾರ?" ಎಂದು ಭೂಸನೂರಿನವನು ಜಗಳಕ್ಕೆ ಬಿದ್ದ. ಒಬ್ಬ ಸಿಪಾಯಿಗೆ ಎಷ್ಟು ಜೋಳ ಬೇಕೆಂದು ನೋಡಲು ಯಾರೋ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲೆ ಸುರಿದರು. ಬೊಗಸೆಯಲ್ಲಿ ಅಳೆದರು, ಕೂಡಿದರು, ಬೈದಾಡಿದರು. ಗಂಟೆ ಹೊಡೆಯಿತು. ಒಬ್ಬರೂ ಏಳಲಿಲ್ಲ. ಜೇವರ್ಗಿಯ ಅಧ್ಯಾಪಕರೊಬ್ಬರು ತಾವು ನೋಡಲು ಬಂದವರೆಂಬುದನ್ನು ಮರೆತು, "ನಮ್ಮ ಇಜೇರಿ ಕಡೆ ಕೇಳಿದ್ರ ಗೊತ್ತಾಗ್ತದ್ರಿ," ಎಂದು ಕೈ ಎತ್ತಿದರು.

ಕೊನೆಗೆ ಗುರುರಾಜರು ಮುಂದೆ ಬಂದು ಡಬ್ಬಿಯ ಮೇಲೆ ಮೆಲ್ಲಗೆ ಕೈಯಿಟ್ಟರು.

"ನಕಾಶೆ ತರೋರನ್ನ ನೋಡೀನಿ, ಚಾರ್ಟ್ ತರೋರನ್ನ ನೋಡೀನಿ. ಜೋಳದ ಡಬ್ಬಿ ತಂದು ಪ್ರಶ್ನಿ ಹುಟ್ಟಿಸಿದವರನ್ನ ಇವತ್ತೇ ನೋಡಿದ್ದು. ಬೋಧನೋಪಕರಣ ಅಂದ್ರ ಇದು. ಮೊದಲೇ ವಿಚಾರ ಮಾಡಿ ತಂದಿದ್ರಲ್ಲರಿ?"

"ಇಲ್ಲರಿ, ಅದು ಮನಿದು..." ಎಂದು ಸರ್ ತೊಡಗಿದರೆ, ನಾಗಣ್ಣನವರು ನಡುವೆ ಬಾಯಿ ಹಾಕಿದರು.

"ನಮ್ಮ ವ್ಯಂಕಟೇಶ ಸರ್ ಹಂಗೇರಿ. ಮನ್ಯಾಗೂ ಅದೇ ಧ್ಯಾನ."

"ನಾಳೆ ಗುಲಬರ್ಗಾದಾಗ ಬೋಧನೋಪಕರಣಗಳ ಪ್ರದರ್ಶನ ಅದ. ಇದು ಮುಂಜಾನೆನೇ ಅಲ್ಲಿರಬೇಕು," ಎಂದರು ಗುರುರಾಜರು. ಜೇವರ್ಗಿಯವರು ಹೇಗೂ ಗುಲಬರ್ಗಾದ ಮೇಲೆ ಹೋಗುವವರು, ತಾವು ಮುಟ್ಟಿಸುತ್ತೇವೆಂದರು. ಜೋಳವನ್ನು ಕಾಳು ಬಿಡದೆ ಬಳಿದು ತುಂಬಿದರು. ಸರ್‌ಗೆಂದು ತಂದಿದ್ದ ಹಾರ ಡಬ್ಬಿಯ ಕೊರಳಿಗೆ ಬಿತ್ತು. ಡಬ್ಬಿ ಹೊತ್ತು ಹೊರಟ ಬಸ್ಸಿನ ಹಿಂದೆ ವ್ಯಂಕಟೇಶ ಸರ್ "ಹಿಟ್ಟು, ಹಿಟ್ಟು" ಎಂದು ನಾಲ್ಕು ಹೆಜ್ಜೆ ಓಡಿದರು.

"ಎಂಥಾ ವಿನಯ ನೋಡ್ರಿ. ಹೊಗಳಿಸಿಕೊಳ್ಳೂದಂದ್ರ ತಡಕೊಳ್ಳಂಗಿಲ್ಲ," ಎಂದರು ಅಫಜಲಪುರದವರು.

ನಾಗಣ್ಣನವರಿಗೆ ಆನಂದ ಹೆಚ್ಚಾಗಿ, "ಅಫಜಲಪುರದವರೂ ಇವತ್ತ ಇಲ್ಲೇ ನಿಂದ್ರಿ. ಊಟ ಎಲ್ಲಾರದೂ ವ್ಯಂಕಟೇಶ ಸರ್ ಮನ್ಯಾಗೇ," ಎಂದು ಸಾರಿದರು.

ಸಂಜೆ ಅತಿಥಿಗಳನ್ನು ಪಡಸಾಲೆಯಲ್ಲಿ ಕೂಡಿಸಿ ಸರ್ ಅಡುಗೆಮನೆಗೆ ಬಂದರು. ನರ್ಮದಾ ಮೊದಲು ಅವರ ಕೈ ನೋಡಿದಳು, ಆಮೇಲೆ ಮುಖ.

"ಒಂದು ಪ್ರಶ್ನಿ ಬಂತು ನರ್ಮದಾ. ಖರೇ ಪ್ರಶ್ನಿ," ಎಂದು ಸರ್ ಎಲ್ಲವನ್ನೂ ಹೇಳಿದರು. ಶಮಶಾದ ಎದ್ದದ್ದು, ಕೇಳಿದ್ದು, ತಮಗೆ ಗೊತ್ತಿಲ್ಲವೆಂದದ್ದು.

ನರ್ಮದಾ ಒಲೆಯ ಮೇಲಿನ ಪಲ್ಯ ಕೆಳಗಿಳಿಸಿದಳು. "ಮದಿವಿ ಆದ ಹೊಸದಾಗಿ ನೀವು ಇದೇ ಪಾಠ ಓದಿ ತೋರಿಸಿದ್ರಿ. ನಾ ಬೀಸಾಕತ್ತಿದ್ದೆ. 'ದಂಡಿಗೆ ರೊಟ್ಟಿ ಯಾರು ಬಡೀತಿದ್ರು' ಅಂತ ಕೇಳಿದ್ದೆ. 'ಅದು ಸಿಲಬಸ್ಸಿನ್ಯಾಗಿಲ್ಲ, ಪೂರ್ಣವಿರಾಮ' ಅಂದ್ರಿ. ಆಮ್ಯಾಲೆ ನಾ ಏನೂ ಕೇಳಲಿಲ್ಲ."

ಸರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ತಮಗೆ ಬಂದ ಮೊದಲ ಪ್ರಶ್ನೆ ಮನೆಯಲ್ಲೇ ಇತ್ತು.

"ಇರಲಿ. ಈಗ ಎರಡನೇದು ಕೇಳ್ತೀನಿ," ಎಂದಳು ನರ್ಮದಾ. "ಹೊರಗ ದಂಡು ಬಂದು ಕುಂತದ. ಹಿಟ್ಟೆಲ್ಲಿ?"

"ನನಗ ಗೊತ್ತಿಲ್ಲ," ಎಂದರು ಸರ್. ಮುಂಜಾನೆ ತರಗತಿಯನ್ನು ಗೆದ್ದ ಆ ಉತ್ತರ ಅಡುಗೆಮನೆಯಲ್ಲಿ ನಡೆಯಲಿಲ್ಲ.

ಮನೆಯಲ್ಲಿ ಬೇರೆ ಜೋಳವಿತ್ತು, ಆದರೆ ಕರೆಂಟ್ ಹೋಗಿ ಗಿರಣಿ ಮುಚ್ಚಿತ್ತು. ನರ್ಮದಾ ಬುಟ್ಟಿಗೆ ಬಿಳಿ ಅರಿವೆ ಹಾಸಿ ಗಂಡನ ಕೈಗೆ ಕೊಟ್ಟು ಹಿತ್ತಲ ಬಾಗಿಲು ತೆರೆದಳು. "ಹೋಗಿ ಬರ್ರಿ. ದಂಡಿಗೆ ರೊಟ್ಟಿ ಹ್ಯಾಂಗ ಕೂಡ್ತಿದ್ವು ಅಂತ ತಾನೇ ತಿಳೀತದ."

"ರೊಟ್ಟಿ ಕೇಳಾಕ ಬಂದೀಯಾ?" ಎಂದರು ಭಾಗೀರಥಿಬಾಯಿ. "ಯಾಕೊ? ಹಿಟ್ಟಿಲ್ಲೇನು? ಮುಂಜಾನೆ ಡಬ್ಬಿ ಒಯ್ದಿದ್ದಿ, ಎಲ್ಲಿ ಹೋತು?"

"ಗುಲಬರ್ಗಾಕ್ಕ ಹೋಗ್ಯದ ಮೌಶಿ."

"ಅದೂ ಟ್ರೇನಿಂಗಿಗೆ ಹೋತೇನು?"

ಎದುರು ಮನೆಯ ಸುಂದರಬಾಯಿಗೆ ಡಬ್ಬಿ ಹೋದದ್ದು ಬಸ್ಸಿನಲ್ಲೋ ಲಾರಿಯಲ್ಲೋ, ಹಾರ ಹಾಕಿದ್ದು ಯಾಕೆ, ತಿರುಗಿ ಬರುತ್ತದೋ ಇಲ್ಲವೋ ಎಂಬುದೆಲ್ಲ ಬೇಕಿತ್ತು. ಶಮಶಾದಳ ತಾಯಿ ಬಿಸಿ ರೊಟ್ಟಿ ಹಾಕುತ್ತ, "ಬೀಸದ ಜ್ವಾಳಾ ಏನ್ ಕಲಿಸ್ತದ್ರಿ ಸರ್?" ಎಂದು ಕೇಳಿದಳು. ಓಣಿ ಮುಗಿಯುವಷ್ಟರಲ್ಲಿ ಬುಟ್ಟಿ ತುಂಬಿತ್ತು. ಜೀವಮಾನದಲ್ಲಿ ಬಾರದ ಪ್ರಶ್ನೆಗಳೂ ತುಂಬಿದ್ದವು.

ಪಂಕ್ತಿಯಲ್ಲಿ ಕೂತ ಗುರುರಾಜರು ಪುಂಡಿಪಲ್ಯ ಹಚ್ಚಿ ಒಂದು ತುತ್ತು ತಿಂದು ನಿಂತರು. ತಮ್ಮ ರೊಟ್ಟಿ ನೋಡಿದರು, ಪಕ್ಕದವರದು ನೋಡಿದರು. ಒಂದು ಹಾಳೆಯಂತೆ ತೆಳು, ಒಂದು ದಪ್ಪ, ಒಂದಕ್ಕೆ ಎಳ್ಳು ಹಚ್ಚಿತ್ತು.

"ಒಂದೊಂದು ಒಂದೊಂದು ಮನಿದು," ಎಂದರು ಮೆಲ್ಲಗೆ. ಅವರ ಕಣ್ಣು ಅರಳಿತು. "ಆ ಹುಡುಗಿ ಪ್ರಶ್ನಿಗೆ ಉತ್ತರ ಇದೇ ಅಲ್ಲೇನ್ರಿ? ವ್ಯಂಕಟೇಶ ಸರ್, ನಿಮ್ಮ ತಲಿಗೆ ಶರಣು. ಈ ಬುಟ್ಟೀನೂ ನಾಳೆ ಪ್ರದರ್ಶನಕ್ಕ..."

"ಬುಟ್ಟಿ ಸಿಲಬಸ್ಸಿನ್ಯಾಗಿಲ್ಲರಿ," ಎಂದು ಅಡುಗೆಮನೆಯಿಂದ ದನಿ ಬಂತು. "ಪೂರ್ಣವಿರಾಮ."