ದರ್ಜಿಯ ಬಲಮಂಡಿ

ಪಾರ್ಕಿನ ಸುತ್ತ ಓಡುತ್ತಿದ್ದ ದರ್ಜಿಗೆ ತಿರುವಿನಲ್ಲಿ ಬಲಮಂಡಿ ಚುಳ್ಳೆಂದಿತು. ಸೂಜಿ ಚುಚ್ಚಿಸಿಕೊಂಡೇ ಬಾಳಿದವನಿಗೂ ಇಂಥ ಚುಚ್ಚು ಹೊಸದು. ನಾಳೆ ಪಕ್ಕದ ಬೀದಿಯವರೊಂದಿಗೆ ನಾಲ್ವರ ಓಟದ ಪಂದ್ಯ, ಒಬ್ಬೊಬ್ಬರಿಗೆ ಒಂದೊಂದು ಸುತ್ತು. ಪ್ರತಿ ಸಲವೂ ಸೋತು ಮುಖ ಸಣ್ಣದು ಮಾಡಿಕೊಂಡ ಬೀದಿ ಈ ಸಲ ಅವನನ್ನೇ ನಂಬಿ ಕೂತಿತ್ತು. ನಂಬುವಂಥ ಓಟವೇ ಅದು. ಹೊಸ ಬಟ್ಟೆಯ ಮೇಲೆ ಕತ್ತರಿ ಸರಿದಂತೆ.

ಕುಂಟಿಕೊಂಡು ಬರುವಾಗ ತಂಡದ ಮೂವರೂ ಎದುರಾದರು: ಕ್ಷೌರದಂಗಡಿಯವನು, ಬೇಕರಿಯವನು, ಲೆಕ್ಕದ ಮೇಷ್ಟ್ರು.

"ಏನಣ್ಣಾ, ಕಾಲು ಎಳೀತಿದ್ದೀಯ?" ಎಂದ ಬೇಕರಿಯವನು.

ನೋವು ಎಂದರೆ ಮೂವರ ಎದೆಯೂ ಒಡೆದೀತು. "ಎಳೆಯೋದಲ್ಲ ಕಣೋ, ಇದು ಹೊಸ ಓಟ! ಬಲಗಾಲಿಗೆ ಅರ್ಧ ಹೆಜ್ಜೆ, ಎಡಗಾಲಿಗೆ ಒಂದೂವರೆ. ದಮ್ಮು ಉಳಿಯುತ್ತೆ," ಎಂದುಬಿಟ್ಟ.

"ಆಹಾ, ತಲೆ ಅಂದ್ರೆ ಇದಪ್ಪಾ!" ಎಂದರು ಮೇಷ್ಟ್ರು.

ಹೆಂಡತಿ ಮಾತ್ರ ನಂಬಲಿಲ್ಲ. "ಹೊಸ ಓಟವಂತೆ! ಮೆಟ್ಟಿಲಿಳಿಯುವಾಗ ಅಯ್ಯಯ್ಯೋ ಅಂದಿದ್ದು ನಿಮ್ಮ ತಾತಾನಾ?" ಎಂದು ಹಿತ್ತಲ ಬಾಗಿಲಿನಿಂದ ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು.

ಡಾಕ್ಟರಮ್ಮ ಮಂಡಿ ಒತ್ತಿ, ಮಡಿಸಿ, ಶೂ ತಿರುಗಿಸಿ ನೋಡಿದರು. "ದಿನಾ ಚರಂಡಿ ಅಂಚಲ್ಲೇ ಓಡ್ತೀರಾ? ಅದೂ ಒಂದೇ ದಿಕ್ಕಲ್ಲಿ?"

"ಹೂಂ."

"ಅಲ್ಲಿ ರಸ್ತೆ ಇಳಿಜಾರು. ಒಂದು ಕಾಲು ಸದಾ ತಗ್ಗಲ್ಲಿ. ಶೂ ಸವೆದಿದೆ, ತೊಡೇಲಿ ಕಸುವಿಲ್ಲ. ಸಾಲದ್ದಕ್ಕೆ ಪಂದ್ಯ ಬಂತು ಅಂತ ಸುತ್ತು ಬೇರೆ ಒಮ್ಮೆಲೇ ಏರಿಸಿದ್ದೀರಿ. ಮಂಡಿ ಪಾಪ, ಎಷ್ಟೂಂತ ಹೊರುತ್ತೆ? ಇವತ್ತು ಐಸ್ ಇಟ್ಕೊಂಡು ಕೂತಿರಿ. ನಾಳೆ ನಡುರಸ್ತೇಲಿ ಒಂದೇ ಒಂದು ಸುತ್ತು. ಹೆಚ್ಚಿಗೆ ಓಡಿದ್ರೋ, ಆ ಮಂಡಿ ನಿಮ್ಮದಲ್ಲ."

ಸಂಜೆಗೆ ನೋವು ಇಳಿದಿತ್ತು. ಹಿಗ್ಗಿನಿಂದ ಕ್ಷೌರದಂಗಡಿಗೆ ಹೋದರೆ, ಮೂರು ಕುರ್ಚಿಗಳಲ್ಲಿ ತಂಡದ ಮೂವರೂ ಕೂತಿದ್ದಾರೆ! ಮೂವರ ಬಲಮಂಡಿಗೂ ಬಿಸಿ ಟವಲು.

"ಏನ್ರೋ ಇದು!"

"ನಿನ್ನ ಹೊಸ ಓಟ ಅಣ್ಣಾ," ನರಳಿದ ಕ್ಷೌರದಂಗಡಿಯವನು. "ಇಡೀ ದಿನ ಅದನ್ನೇ ಕಲಿತ್ವಿ. ಈಗ ಎದ್ದು ನಿಲ್ಲೋಕೂ ಆಗ್ತಿಲ್ಲ."

ದರ್ಜಿ ಹಣೆ ಚಚ್ಚಿಕೊಂಡ. "ಅಯ್ಯೋ, ಅದು ಓಟವಲ್ರೋ, ನೋವು! ಮಂಡಿನೋವಿಗೆ ಕುಂಟ್ತಾ ಇದ್ದೆ! ಸುಳ್ಳು ಹೇಳಿದೆ, ಬೈದುಬಿಡಿ."

ಯಾರೂ ಬೈಯಲಿಲ್ಲ. ಮೇಷ್ಟ್ರ ಕಣ್ಣು ತುಂಬಿ ಬಂತು.

"ಇಂಥಾ ನೋವಿಟ್ಕೊಂಡೂ ಓಡಿದಿರಾ? ನೀವು ಮನುಷ್ಯರೇ ಅಲ್ಲ ಬಿಡಿ! ಇನ್ನು ನಮಗ್ಯಾಕೆ ಚಿಂತೆ? ನಾಳೆ ನಾಲ್ಕು ಸುತ್ತೂ ನೀವೇ ಓಡಿ!"