ಮಾವ ಕೊಟ್ಟ ವ್ಯಾನಿಗೆ ಶಕ್ತಿ ಬರಿಸಿದ್ದು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ನಮ್ಮಜ್ಜಿ ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು. ಬಿಟ್ಟಿ ಸಿಕ್ಕ ವಸ್ತುವಿನ ಉದ್ದ ಅಗಲ ನೋಡಬಾರದು ಎಂಬುದು ಅದರ ತಾತ್ಪರ್ಯ. ನಾನು ಅದನ್ನು ಒಪ್ಪಿಕೊಂಡೇ ಬೆಳೆದವನು. ಆದರೆ ಗಾದೆ ಕಟ್ಟಿದವರ ಕಾಲದಲ್ಲಿ ದಟ್ಟಿಯನ್ನು ಕೊಡುತ್ತಿದ್ದರೇ ಹೊರತು ವ್ಯಾನನ್ನು ಕೊಡುತ್ತಿರಲಿಲ್ಲ. ದಟ್ಟಿ ಒಂದು ಮೊಳ ಕಡಿಮೆ ಬಿದ್ದರೆ ಹೋಗುವುದು ಉಟ್ಟವನೊಬ್ಬನ ಮಾನ. ವ್ಯಾನಿನ ಶಕ್ತಿ ಕಡಿಮೆ ಬಿದ್ದರೆ ಒಳಗೆ ಎಂಟು ಜನ ಕೂತಿರುತ್ತಾರೆ, ಮಾನ ಹೋಗುವುದು ಮಾತ್ರ ಡ್ರೈವರನದು. ಆದ್ದರಿಂದ ನಾನು ಮೊಳ ಹಾಕಿದ್ದು ತಪ್ಪಲ್ಲ ಎಂದೇ ಇವತ್ತಿಗೂ ನನ್ನ ವಾದ. ಹಿತ್ತಲು ಎಂದು ವಿಜಯವಾಡದವರೆಗೆ ಹೋದದ್ದು ಸ್ವಲ್ಪ ಹೆಚ್ಚಾಯಿತು, ಅಷ್ಟೆ.

ನನ್ನ ಊರು ದಾವಣಗೆರೆ. ಹೆಂಡತಿ ಪದ್ಮಳ ತವರು ವಿಜಯವಾಡ. ಜಗಳವಾಗದಿರಲಿ ಎಂದೋ ಏನೋ, ನಾವು ನೆಲೆಸಿದ್ದು ಎರಡೂ ಅಲ್ಲದ ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ. ಅಚ್ಯುತಾಪುರಂನ ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆಗಳೆಲ್ಲ ಒಂದೇ ದಪ್ಪ ಇವೆಯೇ ಎಂದು ನೋಡುವುದು ನನ್ನ ಉದ್ಯೋಗ. ಇಷ್ಟು ವರ್ಷಗಳಲ್ಲಿ ನನ್ನ ಕನ್ನಡದ ಬಾಲಕ್ಕೆ ತೆಲುಗಿನ ಮರ್ಯಾದೆಯ 'ಅಂಡಿ' ಅಂಟಿಕೊಂಡುಬಿಟ್ಟಿದೆ. ದಾವಣಗೆರೆಯಿಂದ ಅಣ್ಣ ಫೋನ್ ಮಾಡಿ "ಏನಲೇ, ಉಂಡ್ಯಾ?" ಎಂದರೆ "ಉಂಡೆ ಅಂಡಿ" ಎನ್ನುತ್ತೇನೆ. ಅವನು "ಯಾರಿಗಲೇ ಮರ್ಯಾದೆ ಕೊಡ್ತಿದೀಯಾ?" ಎಂದು ಕೇಳುತ್ತಾನೆ. ಮಗಳು ಸಿರಿಯ ಕಥೆ ಇನ್ನೂ ಮುಂದೆ. ಅವಳಿಗೆ ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತೆಲುಗಿನಲ್ಲಿ ಬರುತ್ತದೆ.

ಮಾವನವರು ಮೂವತ್ತು ವರ್ಷ ಗೂಡ್ಸ್ ರೈಲು ಓಡಿಸಿ ನಿವೃತ್ತರಾದವರು. ಹಳಿ ರಿಪೇರಿ ನಡೆದಿರುವ ಕಡೆ ಇಷ್ಟೇ ವೇಗದಲ್ಲಿ ಹೋಗತಕ್ಕದ್ದು ಎಂದು ಡ್ರೈವರನ ಕೈಗೆ ಒಂದು ಚೀಟಿ ಕೊಡುತ್ತಾರಂತೆ, ಅದಕ್ಕೆ ಕಾಷನ್ ಆರ್ಡರ್ ಎಂದು ಹೆಸರು. ನೌಕರಿ ಮುಗಿದರೂ ಮಾವನವರ ಕಾಷನ್ ಆರ್ಡರ್ ಮುಗಿದಿಲ್ಲ. ನಾನು ಆವಕಾಯಿ ಉಪ್ಪಿನಕಾಯಿಗೆ ಕೈ ಹಾಕಿದರೂ ಎದುರಿನಿಂದ "ಕಾಷನ್" ಎಂಬ ದನಿ ಬರುತ್ತದೆ. ಅವರು ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಮದುವೆಯ ದಿನದಿಂದ 'ಅಲ್ಲುಡುಗಾರೂ', ಅಂದರೆ ಅಳಿಯಂದಿರೇ. ಬಹಳ ಗೌರವ. ಆ ಗೌರವದ ಬೇಲಿಯ ಈಚೆಗೇ ನಾನು ಇಪ್ಪತ್ತು ವರ್ಷ ನಿಂತಿದ್ದೆ.

ರಾಜ್ಯ ಒಡೆದು ಎರಡಾದ ವರ್ಷದ ಸಂಕ್ರಾಂತಿಗೆ ನಾವು ವಿಜಯವಾಡಕ್ಕೆ ಹೋದಾಗ, ಕ್ಲಚ್ ಒತ್ತುವ ಕಾಲಿನ ಮೊಣಗಂಟು ನೋಯುತ್ತದೆ ಎಂದು ಮಾವನವರು ತಮ್ಮ ವ್ಯಾನನ್ನು ನನಗೆ ಕೊಟ್ಟರು. ಮುಂದಿನ ಸೀಟಿನ ಕೆಳಗೇ ಎಂಜಿನ್ ಇರುವ, ಚಳಿಗಾಲದಲ್ಲಿ ಹಿತವಾದ, ಆದರೆ ವಿಶಾಖಪಟ್ಟಣದಲ್ಲಿ ಚಳಿಗಾಲವೇ ಇಲ್ಲದ ಕಾರಣ ಯಾವಾಗಲೂ ಅಹಿತವಾದ ಪುಟ್ಟ ವ್ಯಾನು. ಕುಂಕುಮ ಹಚ್ಚಿ, ಹೊಸ ರಬ್ಬರ್ ಮ್ಯಾಟ್ ಹಾಸಿ, ಅದರ ಅಂಚುಗಳನ್ನು ಅಂಟು ಹಾಕಿ ಕೂರಿಸಿ ಕೊಟ್ಟಿದ್ದರು. "ಅಲ್ಲುಡುಗಾರೂ, ಎಂಜಿನ್ ಮಾತ್ರ ಮುಟ್ಟಬೇಡಿ" ಎಂದರು. ನಾನು ಮಾತ್ರೆ ನೋಡುವವನು, ಎಂಜಿನ್ ಯಾಕೆ ಮುಟ್ಟಲಿ?

ಮಟ್ಟಸ ರಸ್ತೆಯಲ್ಲಿ ವ್ಯಾನು ಸಾಧು ಪ್ರಾಣಿ. ಏರು ಕಂಡರೆ ಮಾತ್ರ ಅದರ ಜೀವ ಹೋಗುತ್ತಿತ್ತು. ಮನೆಗೆ ಯಾರು ನೆಂಟರು ಬಂದರೂ ಸಿಂಹಾಚಲ ಬೆಟ್ಟಕ್ಕೆ ಕರೆದೊಯ್ಯುವುದು ಪೆಂಡುರ್ತಿಯವರ ಪಾಲಿಗೆ ತಪ್ಪದ ಸೇವೆ. ಎರಡನೆಯ ತಿರುವಿಗೆ ಬರುವಷ್ಟರಲ್ಲಿ ವ್ಯಾನು ಏದುಸಿರು ಬಿಡುತ್ತ ನಿಲ್ಲುವ ಹಾಗಾಗುತ್ತಿತ್ತು. ನಾನು ಆಕ್ಸಿಲರೇಟರನ್ನು ನೆಲ ಮುಟ್ಟುವ ತನಕ ಒತ್ತಿದರೂ ಅಷ್ಟೆ. "ಎಲ್ಲರೂ ಸ್ವಲ್ಪ ಇಳೀರಿ ಅಂಡಿ" ಎನ್ನಬೇಕು. ಎಲ್ಲರೂ ಇಳಿದು ಮುಂದಿನ ತಿರುವಿನವರೆಗೆ ನಡೆಯಬೇಕು. ನಾನು ಖಾಲಿ ವ್ಯಾನಿನಲ್ಲಿ, ನಡೆಯುವವರ ಜೊತೆಯಲ್ಲೇ, ಅವರಷ್ಟೇ ವೇಗದಲ್ಲಿ, ಕಿಟಕಿಯಿಂದ ಮಾತಾಡಿಸುತ್ತ ಹತ್ತಬೇಕು. ಪದ್ಮಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ ಶ್ರೀಧರ, ಮಧುರವಾಡದ ಕಂಪ್ಯೂಟರ್ ಆಫೀಸಿನಲ್ಲಿದ್ದಾನೆ. ಅವನದು ಬೆಟ್ಟವನ್ನು ಬೆಟ್ಟವೆಂದೇ ಗುರುತಿಸದ ದೊಡ್ಡ ಕಾರು. ಮೇಲೆ ಆಗಲೇ ತಲುಪಿ, ಬಾಳೆಹಣ್ಣು ಸುಲಿಯುತ್ತ "ಬಂದಿರಾ ಬಾವಾ? ದರ್ಶನ ಆಯ್ತು ನಮ್ಮದು" ಎನ್ನುತ್ತಿದ್ದ.

ಈ ಸಂಕಟಕ್ಕೆ ಪದ್ಮಳದು ಒಂದೇ ಮಾತು. "ಅಪ್ಪ ಓಡಿಸುವಾಗ ಚೆನ್ನಾಗಿಯೇ ಓಡ್ತಿತ್ತಲ್ಲ?" ಮಾವನವರನ್ನು ಫೋನಿನಲ್ಲಿ ಕೇಳಿದರೆ "ಬಂಡಿಗೆ ನಿಮ್ಮ ಕೈ ಅಭ್ಯಾಸವಾಗಬೇಕು" ಎನ್ನುತ್ತಿದ್ದರು. ಕೈ ಬದಲಾದರೆ ಹಸು ಹಾಲು ಕೊಡುವುದಿಲ್ಲ ಎಂದು ಕೇಳಿದ್ದೆ, ಹಾಗೇ ಇರಬೇಕು ಎಂದು ಎರಡು ವರ್ಷ ಕಾದೆ. ಊರಿನ ಮೂವರು ಮೆಕ್ಯಾನಿಕ್‌ಗಳಿಗೂ ತೋರಿಸಿದೆ. ಮೂವರೂ ಸೀಟು ಎತ್ತಿ, ಆಕ್ಸಿಲರೇಟರಿನ ತಂತಿಯನ್ನು ಕೈಯಿಂದಲೇ ಎಳೆದರು. ವ್ಯಾನು ಬೀದಿಯ ನಾಯಿಗಳೆಲ್ಲ ಎದ್ದು ಓಡುವಂತೆ ಗರ್ಜಿಸಿತು. "ಎಂಜಿನ್ ಗುಂಡುಕಲ್ಲಿನ ಹಾಗಿದೆ ಸಾರ್" ಎಂದು ಹೇಳಿ ಮೂವರೂ ನನ್ನ ಕಾಲಿನ ಕಡೆ ಅನುಮಾನದಿಂದ ನೋಡಿದರು.

ಓಡಿಸುವುದರಲ್ಲಿ ನನಗೆ ಒಂದೇ ಒಂದು ದೋಷವಿದೆ, ಅದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ಮಾತಾಡುವಾಗ ಎದುರಿನವರ ಮುಖ ನೋಡಿ ಮಾತಾಡಬೇಕು ಎಂದು ನನಗೆ ಮನೆಯಲ್ಲಿ ಕಲಿಸಿದ್ದಾರೆ. ವ್ಯಾನಿನಲ್ಲಿ ಎದುರಿನವರು ಹಿಂದೆ ಕೂತಿರುತ್ತಾರೆ. "ಮುಂದೆ ನೋಡ್ಕೊಂಡು ಮಾತಾಡಿ" ಎಂದು ಪದ್ಮ ಹೇಳಿದರೆ, ಹಾಗೇಕೆ ಹೇಳಿದಳು ಎಂದು ತಿರುಗಿ ಅವಳನ್ನೇ ನೋಡುತ್ತೇನೆ.

ಹೀಗಿರುವಾಗ ಮಾವನವರ ಮೊಣಕಾಲಿನ ಆಪರೇಷನ್ ಆಯಿತು. ಆರೈಕೆಗೆಂದು ಅತ್ತೆ, ಮಾವ ಇಬ್ಬರೂ ಪೆಂಡುರ್ತಿಯ ನಮ್ಮ ಮನೆಗೇ ಬಂದರು. ನಡೆಯುವಂತಾದರೆ ಸಿಂಹಾಚಲಕ್ಕೆ ಬರುತ್ತೇನೆಂದು ಅವರು ದೇವರಿಗೆ ಹರಕೆ ಹೊತ್ತಿದ್ದರು. ಕೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುವಂತಾಯಿತು, ಏರಿನಲ್ಲಿ ಇಳಿದು ನಡೆಯುವ ಮಾತೇ ಇಲ್ಲ. ಶ್ರೀಧರ ತಕ್ಷಣ "ನನ್ನ ಕಾರಿನಲ್ಲಿ ಕರ್ಕೊಂಡು ಹೋಗ್ತೀನಿ ಮಾವಗಾರೂ" ಎಂದ. ಮಾವನವರು ತಲೆ ಅಲ್ಲಾಡಿಸಿದರು. "ನಾನು ಕೊಟ್ಟ ಬಂಡಿ ಇದೆಯಲ್ಲ, ಅಲ್ಲುಡುಗಾರು ಕರ್ಕೊಂಡು ಹೋಗ್ತಾರೆ. ಮುಂದಿನ ತಿಂಗಳು ಹೊರಡೋಣ." ಶ್ರೀಧರ ನನ್ನನ್ನು ನೋಡಿ ನಕ್ಕ. ಎರಡನೆಯ ತಿರುವಿನಲ್ಲಿ ಮಾವನವರನ್ನು ಕೋಲಿನ ಸಮೇತ ಇಳಿಸಿ, ಹಿಂದಿನಿಂದ ಬಂದ ಅವನ ಕಾರಿಗೆ ಹತ್ತಿಸುವ ದೃಶ್ಯ ನನ್ನ ಕಣ್ಣಿಗೆ ಕಟ್ಟಿತು. ಆ ಮೇಲೆ ಸಾಯುವ ತನಕ ನಾನು ಆ ಮನೆಯಲ್ಲಿ ಎರಡನೆಯ ದರ್ಜೆಯ ಅಳಿಯ. ನನಗೆ ಅನ್ನ ಸೇರದಾಯಿತು.

ಮಾವನವರ ಆರಾಮಕುರ್ಚಿ ವಿಜಯವಾಡದ ಮನೆಯಲ್ಲೇ ಉಳಿದಿತ್ತು. ಅದನ್ನು ತರುತ್ತೇನೆ ಎಂದು ಮೂರು ದಿನ ರಜೆ ಹಾಕಿ ವ್ಯಾನು ಹೊರಡಿಸಿದೆ. ಅಳಿಯನ ಭಕ್ತಿಗೆ ಅತ್ತೆ ಕಣ್ಣೊರೆಸಿಕೊಂಡರು. ನಾನು ನೇರ ಹೋದದ್ದು ವಿಜಯವಾಡದ ಗ್ಯಾರೇಜುಗಳ ಬೀಡಾದ ಆಟೋನಗರಕ್ಕೆ. ಅಲ್ಲಿ ಹೋದ ಜೀವವನ್ನು ಬಿಟ್ಟು ಬೇರೆ ಏನನ್ನು ಬೇಕಾದರೂ ವಾಪಸು ಬರಿಸುತ್ತಾರೆ ಎಂದು ಪ್ರತೀತಿ. ರತ್ನಂ ಎಂಬ ಮೆಕ್ಯಾನಿಕ್ ನನ್ನ ಕಥೆ ಕೇಳಿ, ವ್ಯಾನಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, "ಇದಕ್ಕೆ ಉಸಿರಾಟ ಸಾಲದು ಸಾರ್" ಎಂದ. ಉಸಿರಾಟಕ್ಕೆಂದು ಗಾಳಿ ಎಳೆಯುವ ದೊಡ್ಡ ಫಿಲ್ಟರ್ ಬಂತು. ಬಂದ ಗಾಳಿಗೆ ತಕ್ಕಂತೆ ದೊಡ್ಡ ಕಾರ್ಬುರೇಟರ್ ಬಂತು. ಎಂಜಿನ್ನಿನ ತಲೆ ಬಿಚ್ಚಿ ಒಳಗಿನ ದಾರಿಗಳನ್ನೆಲ್ಲ ಅರದಿಂದ ಉಜ್ಜಿ ನುಣುಪು ಮಾಡಿದ್ದಾಯಿತು. ಒಳಗೆ ಹೋದದ್ದು ಹೊರಗೂ ಬರಬೇಕಲ್ಲ, ಆದ್ದರಿಂದ ಮಳೆನೀರು ಹೋಗುವ ಪೈಪಿನಷ್ಟು ಅಗಲದ ಸೈಲೆನ್ಸರ್ ಬಂತು. ಎಂಜಿನ್ ಮುಟ್ಟಬೇಡಿ ಎಂದಿದ್ದ ಮಾವನವರ ಮಾತಿಗೆ ನಾನು ತಪ್ಪಲಿಲ್ಲ. ಮುಟ್ಟಿದ್ದೆಲ್ಲ ರತ್ನಂ.

ಮೂರನೆಯ ದಿನ ಬೆಳಿಗ್ಗೆ ಪರೀಕ್ಷೆಗೆಂದು ಕನಕದುರ್ಗೆಯ ಬೆಟ್ಟದ ರಸ್ತೆಗೆ ಹೋದೆವು. ನಾನು ಓಡಿಸುತ್ತಿದ್ದೆ, ರತ್ನಂ ಪಕ್ಕದಲ್ಲಿದ್ದ. ವ್ಯಾನಿನಿಂದ ಬಂದ ಸದ್ದಿಗೆ ಕೃಷ್ಣಾ ನದಿಯಾಚೆಯವರೂ ತಿರುಗಿ ನೋಡಿರಬೇಕು. ಆದರೆ ಸದ್ದು ಹತ್ತಿದಷ್ಟು ವ್ಯಾನು ಹತ್ತಲಿಲ್ಲ. ಅದೇ ಏದುಸಿರು, ಅದೇ ತೆವಳು. ತಲೆಯ ಮೇಲೆ ತೆಂಗಿನಕಾಯಿ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ನಡೆದುಕೊಂಡೇ ನಮ್ಮನ್ನು ದಾಟಿ ಹೋದರು. ಒಂದು ಕೈ ಬುಟ್ಟಿಗೆ ಬೇಕಾದ್ದರಿಂದ ಒಂದೇ ಕಿವಿ ಮುಚ್ಚಿಕೊಂಡಿದ್ದರು. ರತ್ನಂ ವಾಪಸು ತಿರುಗಿಸಿ ಎಂದು ಕೈಸನ್ನೆ ಮಾಡಿದ. ಮಾತಾಡಿದ್ದರೂ ಕೇಳಿಸುತ್ತಿರಲಿಲ್ಲ.

ವಾಪಸು ಬಂದು ನಾನು ಒಂದು ಹಳೆಯ ಟೈರಿನ ಮೇಲೆ ಕುಸಿದು ಕೂತೆ. ಪಕ್ಕದ ಶೆಡ್ಡಿನಿಂದ ಮಸ್ತಾನ್ ಎಂಬ ಮುದುಕ ವೆಲ್ಡರ್ ಇಷ್ಟು ಸದ್ದು ಯಾವುದರದು ಎಂದು ನೋಡಲು ಬಂದ. ವ್ಯಾನನ್ನು ನೋಡಿದವನೇ "ಅರೆ, ಇದು ನಮ್ಮ ರೈಲ್ ಡ್ರೈವರ್ ಗಾರಿದಲ್ವಾ?" ಎಂದ. ಹೌದು, ನಾನು ಅವರ ಅಳಿಯ ಎಂದೆ. ಮಸ್ತಾನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓ, ಆ ಅಳಿಯ ನೀವೇನಾ?" ಎಂದು ಹೇಳಿ, ಬಾಗಿ, ಮಾವನವರು ಅಂಟು ಹಾಕಿ ಕೂರಿಸಿದ್ದ ರಬ್ಬರ್ ಮ್ಯಾಟನ್ನು ಚರಕ್ಕೆಂದು ಕಿತ್ತ.

ಆಕ್ಸಿಲರೇಟರ್ ಪೆಡಲಿನ ಕೆಳಗೆ, ನೆಲದ ತಗಡಿಗೆ, ಹೆಬ್ಬೆರಳು ದಪ್ಪದ ಬೋಲ್ಟೊಂದನ್ನು ನೆಟ್ಟಗೆ ನಿಲ್ಲಿಸಿ ವೆಲ್ಡ್ ಮಾಡಿತ್ತು. ಪೆಡಲ್ ಅರ್ಧ ಇಳಿದರೆ ಅದಕ್ಕೆ ಬಡಿದು ನಿಲ್ಲುತ್ತದೆ. ನಾನು ಇಷ್ಟು ವರ್ಷ ನೆಲ ಎಂದುಕೊಂಡು ಒತ್ತಿದ್ದು ಆ ಬೋಲ್ಟನ್ನು. ಮೆಕ್ಯಾನಿಕ್‌ಗಳೆಲ್ಲ ತಂತಿಯನ್ನು ಕೈಯಿಂದ ಎಳೆದವರು, ಕಾಲಿನ ಕೆಳಗೆ ನೋಡಿದವರು ಒಬ್ಬರೂ ಇರಲಿಲ್ಲ. "ನನ್ನದೇ ವೆಲ್ಡಿಂಗ್" ಎಂದು ಮಸ್ತಾನ್ ಹೆಮ್ಮೆಯಿಂದ ಸವರಿದ. "ನಿಮಗೆ ಬಂಡಿ ಕೊಡೋ ಹಿಂದಿನ ದಿನ ಹಾಕಿಸಿಕೊಂಡು ಹೋದರು."

ನನಗೆ ನೋವಾಯಿತು. ಅದನ್ನು ಬೇರೆ ಹೇಗೂ ಹೇಳಲಾರೆ. ಇಷ್ಟು ವರ್ಷದ ಅಳಿಯ, ಒಂದು ದಿನವೂ ಎದುರು ಮಾತಾಡದವನು, ನನ್ನ ಕಾಲಿನ ಕೆಳಗೇ ಕಾಷನ್ ಆರ್ಡರ್! "ಏನಂತ ಹೇಳಿ ಹಾಕಿಸಿದರು?" ಎಂದು ಕೇಳಿದೆ. ಮಸ್ತಾನ್ ಸ್ವಲ್ಪ ಯೋಚಿಸಿದ. "ಅಳಿಯ ಚಿನ್ನದಂಥ ಮನುಷ್ಯ ಅಂದರು. ಆದರೆ ಓಡಿಸ್ತಾ ಓಡಿಸ್ತಾ ಹಿಂದಕ್ಕೆ ತಿರುಗಿ ಮಾತಾಡ್ತಾನೆ, ಒಳಗೆ ನನ್ನ ಮಗಳು, ಮೊಮ್ಮಗಳು ಇರ್ತಾರೆ ಅಂದರು." ಅದನ್ನು ಹೇಳುವಾಗ ಮಸ್ತಾನ್ ನನ್ನ ಹಿಂದೆ ನಿಂತಿದ್ದ. ನಾನು ಪೂರ್ತಿ ತಿರುಗಿ ಅವನ ಮುಖವನ್ನೇ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಮುಂದಕ್ಕೆ ತಿರುಗಿ ಕೂತೆ.

ಬೋಲ್ಟು ತೆಗೆಸಿದೆ, ಅಂಗಿಯ ಜೇಬಿಗೆ ಹಾಕಿಕೊಂಡೆ. ಆರಾಮಕುರ್ಚಿಯನ್ನು ಮರೆತು ಏಲೂರಿನವರೆಗೆ ಬಂದು, ನೆನಪಾಗಿ ವಾಪಸು ಹೋಗಿ ತಂದೆ.

ಹರಕೆಯ ದಿನ ಬಂತು. ಮಾವನವರು ಮುಂದಿನ ಸೀಟಿನಲ್ಲಿ ಕಾಲು ಚಾಚಿ, ಕೋಲನ್ನು ತೊಡೆಯ ಮೇಲಿಟ್ಟು ಕೂತರು. ಹಿಂದೆ ಅತ್ತೆ, ಪದ್ಮ, ಸಿರಿ, ಬುಟ್ಟಿಗಳು. ಅದರ ಹಿಂದೆ, ನಾನು ನಿಂತರೆ ತುಂಬಿಕೊಳ್ಳಲು ಸಿದ್ಧವಾಗಿ ಶ್ರೀಧರನ ಕಾರು. ಬೆಟ್ಟದ ಬುಡದಲ್ಲಿ ದೇವರನ್ನು ನೆನೆದು ಪೆಡಲ್ ಒತ್ತಿದೆ. ಪೆಡಲ್ ಇಳಿಯಿತು, ಇನ್ನೂ ಇಳಿಯಿತು. ರತ್ನಂನ ಫಿಲ್ಟರ್, ಕಾರ್ಬುರೇಟರ್, ಅರ ಹಾಕಿದ ದಾರಿ, ಮಳೆನೀರಿನ ಪೈಪು ಎಲ್ಲ ಒಟ್ಟಿಗೆ ಎಚ್ಚೆತ್ತವು. ಮೊದಲನೆಯ ತಿರುವು ಹೋಯಿತು. ಎರಡನೆಯ ತಿರುವು ಬಂದದ್ದೇ ತಿಳಿಯಲಿಲ್ಲ. ಕನ್ನಡಿಯಲ್ಲಿ ಶ್ರೀಧರನ ಕಾರು ಚಿಕ್ಕದಾಯಿತು. ಅತ್ತೆಯ ಬಾಯಿ ಗೋವಿಂದ ಗೋವಿಂದ ಎನ್ನುವಂತೆ ಆಡುತ್ತಿತ್ತು, ಕೇಳಿಸಲಿಲ್ಲ. ಮಾವನವರ ಒಳ್ಳೆಯ ಕಾಲು ಮಾತ್ರ ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಮೇಲೆ ತಲುಪಿ ಎಂಜಿನ್ ಆರಿಸಿದಾಗ ಬೆಟ್ಟವೇ ಒಮ್ಮೆಲೇ ಕಿವುಡಾದ ಹಾಗಾಯಿತು. ಮಾವನವರು ಮುಂದೆಯೇ ನೋಡುತ್ತ ಕೇಳಿದರು. "ಕಾಷನ್ ಆರ್ಡರ್ ಯಾರು ತೆಗೆದದ್ದು?"

"ಮಸ್ತಾನ್" ಎಂದೆ.

"ಹಾಕಿದವನೇ ತೆಗೆದರೆ ಸರಿ." ಇಳಿದು ಕೋಲು ಊರಿಕೊಂಡರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಸೈಲೆನ್ಸರನ್ನು ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿದರು. "ಇದು ಚೆನ್ನಾಗಿದೆ ಅಲ್ಲುಡುಗಾರೂ. ಬುಡದಿಂದ ಇಲ್ಲಿಯತನಕ ನೀವು ಒಂದು ಮಾತೂ ಆಡಲಿಲ್ಲ. ಒಂದು ಸಲವೂ ಹಿಂದೆ ತಿರುಗಲಿಲ್ಲ. ಇದು ಇರಲಿ." ಎಂಜಿನ್ನಿಗೆಂದು ನಾನು ಮಾಡಿಸಿದ ಸುಧಾರಣೆಯೆಲ್ಲ ಹೀಗೆ ನನಗೇ ಆಗಿಹೋಗಿತ್ತು.

ಅದಾಗಿ ಮೂರು ವರ್ಷ ಕಳೆದವು. ಅತ್ತೆ ಮಾವ ನಮ್ಮ ಜೊತೆಯಲ್ಲೇ ಉಳಿದುಕೊಂಡರು. ನಾನು ಕಂಪನಿಯ ಬಸ್ಸಿನಲ್ಲಿ ಹೋಗತೊಡಗಿದೆ. ಸಿರಿಗೆ ಲೈಸೆನ್ಸ್ ಬಂತು, ಮಧುರವಾಡದ ಕಾಲೇಜಿಗೆ ವ್ಯಾನಿನಲ್ಲೇ ಹೋಗುತ್ತೇನೆ ಎಂದಳು. ಒಂದು ದಿನ ಅವಳ ಪಕ್ಕ ಕೂತು ಹೋಗಿ ನೋಡಿದೆ. ಹುಡುಗಿ ಚೆನ್ನಾಗಿಯೇ ಓಡಿಸುತ್ತಾಳೆ. ಆದರೆ ಆ ಸದ್ದಿನಲ್ಲಿಯೇ ಹುಟ್ಟಿ ಬೆಳೆದವಳಂತೆ ಅದನ್ನೂ ಮೀರಿ ಕಿರುಚಿ ಮಾತಾಡುತ್ತಾಳೆ, ಮಾತಾಡುವಾಗ ಹಿಂದೆ ಕೂತ ಗೆಳತಿಯರ ಮುಖವನ್ನೇ ನೋಡುತ್ತಾಳೆ. ಅವಳಿಗೆ ಕನ್ನಡ ಬಿಟ್ಟು ನನ್ನಿಂದ ಬೇರೆಲ್ಲ ಬಂದಿದೆ.

ಮೊನ್ನೆ ಬೆಳಿಗ್ಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ದೂರಿದಳು. ಈ ವಾರದಿಂದ ವ್ಯಾನು ಏರಿನಲ್ಲಿ ಎಳೆಯುವುದೇ ಇಲ್ಲವಂತೆ, ಅಪ್ಪ ಓಡಿಸುವಾಗ ಚೆನ್ನಾಗಿತ್ತಂತೆ, ವಿಜಯವಾಡದಲ್ಲಿ ಯಾರೋ ಒಳ್ಳೆಯ ಮೆಕ್ಯಾನಿಕ್ ಇದ್ದಾರಂತೆ.

"ಗಾಡಿಗೆ ನಿನ್ನ ಕೈ ಅಭ್ಯಾಸವಾಗಬೇಕಮ್ಮ" ಎಂದೆ. "ಎಂಜಿನ್ ಮಾತ್ರ ಮುಟ್ಟಬೇಡ."

ಅವಳು ಹೋದಳು. ಆರಾಮಕುರ್ಚಿಯಲ್ಲಿದ್ದ ಮಾವನವರು ಪೇಪರನ್ನು ನಿಧಾನಕ್ಕೆ ಕೆಳಗಿಳಿಸಿದರು. "ನಾಗರಾಜೂ" ಎಂದರು. ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ನಾನು ಎದ್ದು ನಿಂತೆ.

"ಎಷ್ಟು ಉದ್ದದ್ದು ಹಾಕಿಸಿದೆ?"

"ನಿಮ್ಮದಕ್ಕಿಂತ ಅರ್ಧ ಇಂಚು ಜಾಸ್ತಿ" ಎಂದೆ. "ಈಗ ಎಂಜಿನ್ನಿಗೆ ಶಕ್ತಿ ಬಂದಿದೆಯಲ್ಲ ಅಂಡಿ."

ಮಾವನವರು ತಲೆ ಆಡಿಸಿ ಪೇಪರನ್ನು ಮತ್ತೆ ಮೇಲೆತ್ತಿದರು.