ಬಿರುಕಿಗೆ ಮೆತ್ತಿದ ಗಾಜು

ಬೀಳಲಿರುವ ಕಟ್ಟಡವನ್ನು ಮೊದಲೇ ಗುರುತಿಸುವ ಕಣ್ಣು ನನಗಿದೆ ಎಂದು ಮೊನ್ನೆಮೊನ್ನೆಯವರೆಗೂ ನಂಬಿದ್ದೆ.

ಅರಸೀಕೆರೆ ಹತ್ತಿರದ ನಮ್ಮ ಶಾಲೆ ಬ್ರಿಟಿಷರ ಕಾಲದ ಬಂಗಲೆ. ಯಾವನೋ ದೊರೆ ಕುದುರೆಯಿಂದಿಳಿದು ಸುಧಾರಿಸಿಕೊಳ್ಳಲು ಕಟ್ಟಿಸಿದ್ದಂತೆ. ಈಗ ಅವನ ಮಲಗುವ ಕೋಣೆಯಲ್ಲಿ ಏಳನೇ ತರಗತಿ, ಸ್ನಾನದ ಕೋಣೆಯಲ್ಲಿ ಮುಖ್ಯೋಪಾಧ್ಯಾಯನಾದ ನಾನು. ನನ್ನ ಮೇಜಿನ ಎದುರಿನ ಗೋಡೆಯಲ್ಲಿ ಒಂದು ದಿನ ಬಿರುಕು ಕಂಡಿತು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

"ಒಲೆ ಹಚ್ಚೋಕೆ ಮುಂಚೆನೇ ಹಾಲು ಉಕ್ಕೀತು ಅಂತ ಬಟ್ಟೆ ಹಿಡ್ಕೊಂಡು ನಿಲ್ಲೋರು ನೀವು," ಎಂದಳು ಹೆಂಡತಿ ಗಿರಿಜಾ. "ಗಾರೆಯವರನ್ನ ಕರೆಸಿ ಕೇಳಿ. ನನ್ನ ತಲೆ ತಿನ್ಬೇಡಿ."

ಪಕ್ಕದ ಗಂಡಸಿ ಊರಿನಿಂದ ಗಾರೆ ಕೆಲಸದ ರಂಗಪ್ಪ ಬಂದರು. ಗೋಡೆಗೆ ಕಿವಿಯಿಟ್ಟು ತಟ್ಟಿದರು.

"ಹಳೇ ಬಿರುಕು ಮೇಷ್ಟ್ರೇ, ನಿಮ್ಮ ತಾತನ ಕಾಲದ್ದು. ಅನುಮಾನ ಇದ್ರೆ ಅಡ್ಡಕ್ಕೊಂದು ಗಾಜಿನ ಪಟ್ಟಿ ಮೆತ್ತಿ ಹೋಯ್ತೀನಿ. ಗೋಡೆ ಜರುಗಿದ್ರೆ ಗಾಜು ಸೀಳ್ತೈತೆ. ನೋಡ್ತಾ ಇರಿ."

ನೋಡಿದೆ. ಮನೆ ಶಾಲೆಯ ಹಿಂದೆಯೇ ಇದೆ. ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡವನೇ ಕೈ ಕೂಡ ಒರೆಸಿಕೊಳ್ಳದೆ ಓಡಿಹೋಗಿ ಗಾಜಿನ ಯೋಗಕ್ಷೇಮ ವಿಚಾರಿಸುತ್ತಿದ್ದೆ. ತಿಂಡಿ ಆಮೇಲೆ.

ಒಂಬತ್ತನೇ ದಿನ ಗಾಜು ಒಡೆದಿತ್ತು.

ಮಕ್ಕಳನ್ನೆಲ್ಲ ಹೊಂಗೆ ಮರದಡಿ ಕೂರಿಸಿ, ಮೇಲಿನವರಿಗೆ ಪತ್ರ ಬರೆದೆ: "ಸದರಿ ಕಟ್ಟಡವು ಯಾವುದೇ ಕ್ಷಣದಲ್ಲಿ ಧರಾಶಾಯಿಯಾಗಲಿರುವುದರಿಂದ, ತಾವು ದಯಮಾಡಿ ಅದಕ್ಕೂ ಮೊದಲೇ ಕೆಡವಿಕೊಡಬೇಕಾಗಿ ಪ್ರಾರ್ಥನೆ."

ಶೌಚಾಲಯದ ಬಾಗಿಲಿಗೆ ಬರೆದ ಪತ್ರಗಳು ವರ್ಷಗಟ್ಟಲೆ ಮಲಗಿರುತ್ತವೆ. ಇದಕ್ಕೆ ಮೂರೇ ದಿನದಲ್ಲಿ ಎಂಜಿನಿಯರ್ ಬಂದರು, ಜೊತೆಗೊಬ್ಬ ಕೆಲಸದಾಳು.

"ಅಪಾಯಕಾರಿ ಅಂತ ಸಹಿ ಹಾಕಿದ್ರೆ ಜೆಸಿಬಿ ಬರುತ್ತೆ ಸರ್. ಅದಕ್ಕೆ ಮುಂಚೆ ಗೋಡೆ ಒಳಗೆ ಹೇಗಿದೆ ಅಂತ ಒಂದು ತೂತು ಹೊಡೆದು ನೋಡಿಬಿಡೋಣ."

ಹತ್ತು ಗಂಟೆಗೆ ಸುತ್ತಿಗೆ ಏಟು ಶುರುವಾಯಿತು. ಬಿಸಿಯೂಟದ ಹೊತ್ತಿಗೆ ಆದದ್ದು ನಿಂಬೆಹಣ್ಣು ಕೂರುವಷ್ಟು ಗುಳಿ. ಎರಡು ಉಳಿ ಮೊಂಡಾಗಿದ್ದವು. ಆಳು ಬೆವರು ಒರೆಸಿಕೊಂಡು ಗೋಡೆಗೇ ಕೈಮುಗಿದ.

ಎಂಜಿನಿಯರ್ ಗುಳಿಯಲ್ಲಿ ಬೆರಳಾಡಿಸಿ, ದೇವಸ್ಥಾನದಲ್ಲಿ ಮಾತಾಡುವಂತೆ ಮೆಲ್ಲಗೆ, "ಸಿಮೆಂಟಲ್ಲ ಸರ್, ಬರೀ ಸುಣ್ಣದ ಗಾರೆ. ಕಲ್ಲಾಗಿಬಿಟ್ಟಿದೆ," ಎಂದರು.

ನಾನೂ ಅಂಗೈ ಇಟ್ಟೆ. ಹೊರಗೆ ಬಿಸಿಲು ಸುಡುತ್ತಿತ್ತು. ಗೋಡೆ ಮಡಕೆಯ ನೀರಿನಷ್ಟು ತಣ್ಣಗಿತ್ತು. ನೆಂಟರು ಬಂದಾಗಲೆಲ್ಲ ಹಳೇಬೀಡಿಗೆ ಕರೆದೊಯ್ದು, "ನೋಡಿ, ಹೇಗೆ ಕಟ್ಟಿದ್ದಾರೆ" ಎಂದು ನಾನೇ ಕಟ್ಟಿಸಿದವನ ಹಾಗೆ ತೋರಿಸುವವನು ನಾನು. ಹನ್ನೊಂದು ವರ್ಷ ಈ ಗೋಡೆಯ ಎದುರು ಕೂತೂ, ನೋಡಿದ್ದು ಅದರ ಬಿರುಕನ್ನು ಮಾತ್ರ. ಇದನ್ನು ಕೆಡವಿ ಎಂದು ಬರೆದ ಕೈ ಇದೇ ತಾನೆ ಎನಿಸಿ ನಾಚಿಕೆಯಾಯಿತು.

"ಆದ್ರೂ ಗಾಜು ಒಡೆದಿದೆಯಲ್ಲ ಸರ್, ಅದನ್ನ ಬಿಡೋಕಾಗಲ್ಲ," ಎಂದು ಎಂಜಿನಿಯರ್ ಪೆನ್ನು ತೆಗೆದರು. ಒಂದು ಗಂಟೆ ತಾಳಿ ಎಂದು ಬೇಡಿಕೊಂಡು ರಂಗಪ್ಪನವರಿಗೆ ಫೋನ್ ಮಾಡಿದೆ.

ರಂಗಪ್ಪ ಬಂದು ಕನ್ನಡಕ ಏರಿಸಿದರು.

"ಗೋಡೆ ಎಳೆದಿದ್ರೆ ಒಂದೇ ಗೆರೆ ಸೀಳ್ಬೇಕು. ಇದು ಜೇಡನ ಬಲೆ ಥರ ಒಡೆದೈತೆ. ಯಾರೋ ಅಮುಕವ್ರೆ."

ಎಂಜಿನಿಯರ್ ಬಗ್ಗಿ ನೋಡಿದರು. "ಅದ್ಸರಿ, ಗಾಜಿಗೆ ವಿಭೂತಿ ಹಚ್ಚಿರೋದು ಯಾರು?"

ಗಾಜಿನ ಮೇಲೆ ಮೂರು ಬೆರಳಿನ ಗುರುತು ಸ್ಪಷ್ಟವಾಗಿತ್ತು. ಎಲ್ಲರೂ ನನ್ನ ಹಣೆ ನೋಡಿದರು.

"ಗಟ್ಟಿಯಾಗಿ ಕೂತಿದೆಯಾ ಅಂತ ಸ್ವಲ್ಪ ಒತ್ತಿ ನೋಡ್ತಿದ್ದೆ," ಎಂದೆ. "ದಿನಕ್ಕೊಂದೇ ಸಲ."

"ನೋಡಿ ಅಂದಿದ್ದೆ ಮೇಷ್ಟ್ರೇ."

"ಮುಟ್ಟಬೇಡಿ ಅನ್ನಲಿಲ್ಲವಲ್ಲ?"

ಎಂಜಿನಿಯರ್ ಸಹಿ ಹಾಕಲಿದ್ದ ಕಾಗದ ಹರಿದು ಜೇಬಿಗೆ ಹಾಕಿಕೊಂಡರು. ಮಕ್ಕಳು ಒಳಗೆ ಬಂದರು. ರಂಗಪ್ಪ ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ವಾರವಿಡೀ ಆ ಗುಳಿ ತುಂಬಿದರು. "ದೊರೆ ಕಾಲದಿಂದ ಇವತ್ತಿನವರೆಗೂ ಈ ಗೋಡೆಗೆ ಬಿದ್ದ ದೊಡ್ಡ ಏಟು ಇದೇ ಕಣ್ರೀ," ಎಂದು ಮೆಚ್ಚುಗೆಯಿಂದಲೇ ಹೇಳಿದರು.

ಹೊಸ ಗಾಜನ್ನು ಬಿರುಕಿನ ತುತ್ತತುದಿಗೆ, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ ಮೆತ್ತಿದ್ದಾರೆ. ಅದು ಇನ್ನೂ ಒಡೆದಿಲ್ಲ. ಆದರೆ ಅಂದಿನಿಂದ ನನ್ನ ಕೋಣೆಯ ಸ್ಟೂಲು ಕಾಣುತ್ತಿರಲಿಲ್ಲ. ಹುಡುಕಿ ಸಾಕಾಗಿ ಮನೆಗೆ ಹೋದರೆ, ಗಿರಿಜಾ ಅದರ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು.